ಅಕಾಯ್ ಎಸ್950 ಸ್ಯಾಂಪ್ಲರ್: 42 ಹಳೇ ಫ್ಲಾಪಿ ಉಳಿಸಿ, ಗೋಟೆಕ್ ಕೂರಿಸಿದ ಕೆಲಸದ ದಾಖಲೆ

ಮೆಷಿನ್: ಅಕಾಯ್ ಎಸ್950, 1988ರ ಮಾದರಿ. ಸ್ಯಾಂಪ್ಲರ್ ಅಂದರೆ ಸದ್ದಿನ ತುಣುಕು (ಸ್ಯಾಂಪಲ್) ಹಿಡಿದಿಟ್ಟು ಬೇಕಾದ ಸ್ವರದಲ್ಲಿ ನುಡಿಸುವ ಯಂತ್ರ. 12 ಬಿಟ್, 8 ಧ್ವನಿ, ಮೋನೋ ಸ್ಯಾಂಪ್ಲಿಂಗ್. ನಮ್ಮಲ್ಲಿ ಅಕಾಯ್ ಅಂದರೆ ಹಳೇ ಟಿವಿ ನೆನಪಾಗುತ್ತದೆ. ನ್ಯೂಯಾರ್ಕಿನ ಹಿಪ್‌ಹಾಪ್‌ನವರಿಗೆ, ಇಂಗ್ಲೆಂಡಿನ ಜಂಗಲ್ ಸಂಗೀತದವರಿಗೆ ಅಕಾಯ್ ಅಂದರೆ ಈ ಪೆಟ್ಟಿಗೆ.

ದೂರು: ಡಿಸ್ಕ್ ಹಾಕಿದರೆ ನಾಲ್ಕು ಸಲದಲ್ಲಿ ಒಂದು ಸಲ ಓದುತ್ತದೆ. ಜೊತೆಗೆ ಒಂದು ರಟ್ಟಿನ ಡಬ್ಬದಲ್ಲಿ 42 ಫ್ಲಾಪಿ. ಡಬ್ಬ ಮಲೆನಾಡಿನ ಮಳೆಗಾಲಗಳನ್ನು ಅಟ್ಟದ ಮೇಲೆ ಕಳೆದದ್ದು.

ಗುರಿ ಎರಡು. ಡಿಸ್ಕ್‌ಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವುದು ಮೊದಲನೆಯದು. ಮೆಷಿನ್ನಿಗೆ ಫ್ಲಾಪಿ ಬದಲು ಯುಎಸ್‌ಬಿ ಸ್ಟಿಕ್ ಓದುವ ಗೋಟೆಕ್ ಹಾಕುವುದು ಎರಡನೆಯದು. ಈ ಕ್ರಮ ತಿರುಗಿಸಬೇಡಿ. ಗೋಟೆಕ್ ಕೂರಿಸಿದ ಮೇಲೆ ಹಳೇ ಡಬ್ಬದ ಕಡೆ ಯಾರೂ ತಲೆ ಹಾಕುವುದಿಲ್ಲ, ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದಿರುತ್ತದೆ.

ಹಂತ 0: ಪ್ಲಗ್ ಹಾಕುವ ಮುಂಚೆ

ಈ ಮೆಷಿನ್‌ಗಳು ಜಪಾನ್, ಅಮೆರಿಕ, ಯುರೋಪು ಎಲ್ಲಿಂದಲೂ ಬಂದಿರಬಹುದು. ಹಿಂಬದಿಯಲ್ಲಿ ಬರೆದಿರುವ ವೋಲ್ಟೇಜ್ ಓದಿ. 100 ಅಥವಾ 120 ಎಂದಿದ್ದರೆ ನಮ್ಮ 230ಕ್ಕೆ ನೇರ ಹಾಕಿದರೆ ಅಲ್ಲೇ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ನಮ್ಮ ಕೈಗೆ ಬಂದದ್ದು 230ರದ್ದು, ಆ ತಲೆನೋವು ತಪ್ಪಿತು.

ಎಸ್950ರ ಆಪರೇಟಿಂಗ್ ಸಿಸ್ಟಮ್ ಕರೆಂಟು ಹೋದರೂ ಅಳಿಯದ ರೋಮ್ (ROM) ಚಿಪ್ಪಿನಲ್ಲೇ ಇದೆ. ಫ್ಲಾಪಿ ಸತ್ತಿದ್ದರೂ ಮೆಷಿನ್ ಏಳುತ್ತದೆ, ಹೊಸದಾಗಿ ಸ್ಯಾಂಪಲ್ ಮಾಡಬಹುದು, ಉಳಿಸಲು ಮಾತ್ರ ಆಗುವುದಿಲ್ಲ. ಎನ್ಸಾನಿಕ್ ಮಿರಾಜ್ ಅನ್ನುವ ಸ್ಯಾಂಪ್ಲರ್ ಕೀಬೋರ್ಡ್ ಇಟ್ಟುಕೊಂಡವರ ಪಾಡು ಬೇರೆ. ಅದು ಡಿಸ್ಕಿನಿಂದಲೇ ಬೂಟ್ ಆಗಬೇಕು, ಬೂಟ್ ಡಿಸ್ಕ್ ಹೋದರೆ ಕೀಬೋರ್ಡು ಬರೀ ಹಲಗೆ. ಮಿರಾಜ್ ಇದ್ದವರು ಹಂತ 2ನ್ನು ಇವತ್ತೇ ಮಾಡಿ.

ಹಂತ 1: ಡಿಸ್ಕ್‌ನ ಲೆಕ್ಕ, ಮತ್ತು ಯುಎಸ್‌ಬಿ ಫ್ಲಾಪಿ ಡ್ರೈವ್ ಯಾಕೆ ಬೇಡ

ಡಿಸ್ಕಿನ ಮೇಲೆ ಬರೆಯುವ ಒಂದೊಂದು ಸುತ್ತು ಟ್ರ್ಯಾಕ್, ಟ್ರ್ಯಾಕಿನ ಒಂದೊಂದು ತುಂಡು ಸೆಕ್ಟರ್. ಎಸ್950 ಬರೆಯುವ ಡಿಸ್ಕಿನ ಅಳತೆ ಹೀಗೆ: 80 ಟ್ರ್ಯಾಕ್, 2 ಬದಿ, ಸೆಕ್ಟರ್ ಒಂದಕ್ಕೆ 1024 ಬೈಟ್. ಡಿಡಿ (ಡಬಲ್ ಡೆನ್ಸಿಟಿ) ಡಿಸ್ಕಾದರೆ ಟ್ರ್ಯಾಕಿಗೆ 5 ಸೆಕ್ಟರ್, ಒಟ್ಟು 8,19,200 ಬೈಟ್. ಎಚ್‌ಡಿ (ಹೈ ಡೆನ್ಸಿಟಿ) ಆದರೆ 10 ಸೆಕ್ಟರ್, ಒಟ್ಟು 16,38,400 ಬೈಟ್. ಈ ಎರಡು ಸಂಖ್ಯೆ ಗೋಡೆಗೆ ಬರೆದಿಟ್ಟುಕೊಳ್ಳಿ. ಮುಂದೆ ಇಮೇಜ್ ಫೈಲು, ಅಂದರೆ ಇಡೀ ಡಿಸ್ಕಿನ ನಕಲಿರುವ ಫೈಲು, ಸರಿಯೋ ತಪ್ಪೋ ಅಂತ ತಿಳಿಯುವ ಮೊದಲ ಪರೀಕ್ಷೆ ಇದೇ. ಒಂದು ಬೈಟ್ ಹೆಚ್ಚುಕಮ್ಮಿ ಇದ್ದರೂ ಏನೋ ಎಡವಟ್ಟಾಗಿದೆ.

ಪಿಸಿಯ 1.44 ಎಂಬಿ ಡಿಸ್ಕಿನಲ್ಲಿ ಟ್ರ್ಯಾಕಿಗೆ 512 ಬೈಟಿನ 18 ಸೆಕ್ಟರ್. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳ ಒಳಗಿನ ಚಿಪ್ಪಿಗೆ ಇದೂ, 720 ಕೆಬಿಯದೂ ಬಿಟ್ಟರೆ ಹೆಚ್ಚೇನೂ ಗೊತ್ತಿರುವುದಿಲ್ಲ. ಅಕಾಯ್ ಡಿಸ್ಕ್ ಹಾಕಿದ ತಕ್ಷಣ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಹೂಂ ಅಂದರೆ ಮುಗಿಯಿತು. ಹಾಗಾಗಿ ಡಬ್ಬದಿಂದ ತೆಗೆದ ಕೂಡಲೇ ಪ್ರತಿ ಡಿಸ್ಕಿನ ರೈಟ್ ಪ್ರೊಟೆಕ್ಟ್ ಕಿಂಡಿ ತೆರೆದುಬಿಡಿ. ಕಿಂಡಿ ತೆರೆದಿದ್ದರೆ ಬರೆಯಲಾಗದು, ಮುಚ್ಚಿದ್ದರೆ ಬರೆಯಬಹುದು. ಬಹಳ ಜನ ಇದನ್ನು ಉಲ್ಟಾ ನೆನಪಿಟ್ಟುಕೊಂಡಿರುತ್ತಾರೆ.

ಫ್ಲಾಪಿ ಕನೆಕ್ಟರ್ ಇರುವ ಹಳೇ ಡೆಸ್ಕ್‌ಟಾಪ್ ಇದ್ದರೆ, ತಕ್ಕ ಸಾಫ್ಟ್‌ವೇರ್ ಹಾಕಿ ಅದರಲ್ಲೇ ಅಕಾಯ್ ಡಿಸ್ಕ್ ಓದಬಹುದು. ಇಲ್ಲಿ ಗ್ರೀಸ್‌ವೀಜಲ್ ಬಳಸಿದೆವು. ಡಿಸ್ಕಿನ ಮೇಲಿನ ಕಾಂತ ಬದಲಾವಣೆಗಳನ್ನು ಇದ್ದ ಹಾಗೇ ಹಿಡಿದು ಯುಎಸ್‌ಬಿ ಮೂಲಕ ಕೊಡುವ ಪುಟ್ಟ ಬೋರ್ಡು ಅದು. ಅದಕ್ಕೊಂದು ಮಾಮೂಲಿ ಪಿಸಿ ಫ್ಲಾಪಿ ಡ್ರೈವ್, 34 ಪಿನ್ನಿನ ರಿಬ್ಬನ್ ಕೇಬಲ್. ಎರಡನ್ನೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಸಾಮಾನಿನ ರಾಶಿಯಿಂದ ಆರಿಸಿದ್ದು.

ಮೊದಲ ಸಲ ಓಡಿಸಿದಾಗ "ಟ್ರ್ಯಾಕ್ 0 ನಾಟ್ ಫೌಂಡ್" ಅಂತ ಬಂತು. ಕೇಬಲ್ಲಿನಲ್ಲಿ ನಡುವೆ ಕೆಲವು ತಂತಿ ತಿರುಚಿದ ಭಾಗ ಇರುತ್ತದಲ್ಲ, ಆ ತಿರುಚಿನ ಆಚೆಯ ತುದಿಯ ಕನೆಕ್ಟರಿಗೆ ಹಾಕಿದರೆ ಡ್ರೈವ್ ಎ. ತಿರುಚಿಗಿಂತ ಮೊದಲಿನದಕ್ಕೆ ಹಾಕಿದರೆ ಡ್ರೈವ್ ಬಿ. ನಾವು ಮೊದಲಿನದಕ್ಕೆ ಹಾಕಿ ಎ ಅಂತ ಹುಡುಕುತ್ತಿದ್ದೆವು. ಬದಲಿಸಿದ ಮೇಲೆ ಸದ್ದಿಲ್ಲದೆ ಓದಿತು. ವೇಗ ನೋಡಿದಾಗ ನಿಮಿಷಕ್ಕೆ 299.8 ಸುತ್ತು. 300ರ ಆಸುಪಾಸು ಇದ್ದರೆ ಸಾಕು. ಅಕಾಯ್ ಎಚ್‌ಡಿ ಡಿಸ್ಕಿನಲ್ಲಿ ಪಿಸಿ ಡಿಸ್ಕಿಗಿಂತ ಹೆಚ್ಚು ಮಾಹಿತಿ ತುರುಕಿರುವುದರಿಂದ ಸೆಕ್ಟರ್‌ಗಳ ನಡುವೆ ಜಾಗ ಕಡಿಮೆ. ವೇಗ ತಪ್ಪುವ ಡ್ರೈವಿನಲ್ಲಿ ಬರೆಯಲು ಹೋಗಬೇಡಿ.

ಹಂತ 2: ನಕಲು

ನೇರ ಇಮೇಜ್ ತೆಗೆಯದೆ ಮೊದಲು ಕಚ್ಚಾ ಫ್ಲಕ್ಸ್, ಅಂದರೆ ಆ ಕಾಂತ ಬದಲಾವಣೆಗಳನ್ನೇ, ಉಳಿಸಿದೆವು, ಟ್ರ್ಯಾಕಿಗೆ 3 ಸುತ್ತು. ಫೈಲು ಡಿಸ್ಕಿಗೆ ಹತ್ತಾರು ಎಂಬಿ ಆಗುತ್ತದೆ, ಆಗಲಿ. ಆಮೇಲೆ ಆ ಫೈಲಿನಿಂದ ಅಕಾಯ್ 1600 ಅಥವಾ ಅಕಾಯ್ 800 ಅನ್ನುವ ಫಾರ್ಮ್ಯಾಟ್ ಹೆಸರು ಕೊಟ್ಟು ಇಮೇಜ್ ಮಾಡಿಕೊಳ್ಳುವುದು. ಇದರ ಲಾಭ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

ಮೊದಲ ಸುತ್ತಿನಲ್ಲಿ 42ರಲ್ಲಿ 29 ಡಿಸ್ಕ್ ಒಂದೂ ಕೆಟ್ಟ ಸೆಕ್ಟರ್ ಇಲ್ಲದೆ ಬಂದವು. ಉಳಿದ 13ರ ಕತೆ ಮೂರು ಥರ.

ಮೂರು ಡಿಸ್ಕ್‌ಗಳಲ್ಲಿ ಒಂದು ಸೆಕ್ಟರೂ ಸಿಗಲಿಲ್ಲ. ಸತ್ತಿವೆ ಅಂತ ಪಕ್ಕಕ್ಕೆ ಎಸೆದದ್ದಾಯಿತು. ಅದು ತಪ್ಪು. ಲೇಬಲ್ಲಿನಲ್ಲಿ ಪೆನ್ಸಿಲಿನಿಂದ "ಎಸ್900" ಎಂದು ಬರೆದದ್ದು ಆಮೇಲೆ ಕಣ್ಣಿಗೆ ಬಿತ್ತು. 1986ರ ಎಸ್900 ಡಿಡಿ ಮಾತ್ರ ಬಲ್ಲದು. ಯಾರೋ ಅದರಲ್ಲಿ ಎಚ್‌ಡಿ ಡಿಸ್ಕ್ ಹಾಕಿ ಫಾರ್ಮ್ಯಾಟ್ ಮಾಡಿದ್ದರು. ಹೊರಗಿನಿಂದ ನೋಡಿದರೆ ಎಚ್‌ಡಿ, ಒಳಗೆ ಬರೆದದ್ದು ಡಿಡಿ. ಉಳಿಸಿಟ್ಟ ಫ್ಲಕ್ಸ್ ಫೈಲನ್ನೇ ಅಕಾಯ್ 800 ಅಂತ ಹೇಳಿ ಮತ್ತೆ ಬಿಡಿಸಿದಾಗ ಮೂರೂ ಪೂರ್ತಿ ಬಂದವು. ಡಿಸ್ಕನ್ನು ಮತ್ತೆ ಮುಟ್ಟಲೇ ಇಲ್ಲ.

ಇಂಥ ಡಿಸ್ಕನ್ನು ಎಸ್950ರಲ್ಲೇ ಓದಿಸಬೇಕಿದ್ದರೆ ಎಚ್‌ಡಿ ಕಿಂಡಿ, ಅಂದರೆ ರೈಟ್ ಪ್ರೊಟೆಕ್ಟ್ ಕಿಂಡಿಗೆ ಎದುರು ಬದಿಯ ತೂತು, ಅದರ ಮೇಲೆ ಎರಡೂ ಕಡೆ ಟೇಪ್ ಅಂಟಿಸಿ. ಟೇಪು ಕಪ್ಪಾಗಿರಲಿ. ಕೆಲವು ಡ್ರೈವ್‌ಗಳು ಆ ತೂತನ್ನು ಬೆಳಕಿನಿಂದ ನೋಡುತ್ತವೆ, ಪಾರದರ್ಶಕ ಸೆಲ್ಲೋಟೇಪಿಗೆ ಮೋಸ ಹೋಗುವುದಿಲ್ಲ. ಓದಿದ ಕೂಡಲೇ ನಕಲು ಮಾಡಿ. ಎಚ್‌ಡಿ ಮೇಲ್ಮೈಯಲ್ಲಿ ಡಿಡಿ ಬರಹ ಗಟ್ಟಿಯಾಗಿ ಕೂತಿರುವುದಿಲ್ಲ.

ಎಂಟು ಡಿಸ್ಕ್‌ಗಳಿಗೆ ಬೂಷ್ಟು. ಎರಡು ಡಿಸ್ಕ್ ಗೀರು ಬಿದ್ದವು. ಈ ಎರಡನ್ನು ಸೇರಿಸಿಯೇ ಮುಂದಿನ ಹಂತ ಹೇಳಬೇಕು, ಯಾಕಂದರೆ ಗೀರು ಮಾಡಿದ್ದು ನಾವೇ.

ಹಂತ 3: ಬೂಷ್ಟು, ಮತ್ತು ಇಡೀ ಕೆಲಸದಲ್ಲಿ ದುಬಾರಿಯಾದ ತಪ್ಪು

ಹದಿನೇಳನೇ ಡಿಸ್ಕಿನವರೆಗೆ ಎಲ್ಲ ಸಲೀಸು. ಕೈ ರೂಢಿಯಾಗಿ ಷಟರ್ ಸರಿಸಿ ನೋಡುವುದನ್ನು ಬಿಟ್ಟಿದ್ದೆವು. ಹದಿನೆಂಟನೆಯದು ಹಾಕಿದ ಮೇಲೆ ಡ್ರೈವಿನಿಂದ ಸಣ್ಣಗೆ ಕೀರ್ ಅನ್ನುವ ಸದ್ದು. ಅಲ್ಲೇ ನಿಲ್ಲಿಸಬೇಕಿತ್ತು. ಡಿಸ್ಕ್ ತೆಗೆದು ಹತ್ತೊಂಬತ್ತನೆಯದು ಹಾಕಿದೆವು, ಸದ್ದು ಮತ್ತೂ ಜೋರಾಯಿತು. ಹೊರಗೆ ತೆಗೆದು ಷಟರ್ ಸರಿಸಿ ಬೆಳಕಿಗೆ ಹಿಡಿದಾಗ ಕಂದು ಮೇಲ್ಮೈಯ ಅಂಚಿನ ಹತ್ತಿರ ಕೂದಲೆಳೆ ದಪ್ಪದ ಒಂದು ಸುತ್ತುಗೆರೆ. ಗೆರೆ ಇದ್ದಲ್ಲಿ ಬಳಿದ ಪುಡಿ ಪೂರಾ ಎದ್ದುಹೋಗಿ, ಆಚೆಯ ಟ್ಯೂಬ್‌ಲೈಟ್ ಈಚೆ ಕಾಣುತ್ತಿತ್ತು. ಅಂಚಿನಲ್ಲಿರುವುದು ಟ್ರ್ಯಾಕ್ 0. ಅಕಾಯ್ ಡಿಸ್ಕಿನಲ್ಲಿ ಫೈಲುಗಳ ಪಟ್ಟಿ ಇರುವುದೇ ಆರಂಭದಲ್ಲಿ. ಪಟ್ಟಿ ಹೋಯಿತು ಅಂದರೆ ಉಳಿದ ಸ್ಯಾಂಪಲ್‌ಗಳು ಇದ್ದೂ ಹೆಸರಿಲ್ಲ, ಶುರು ಎಲ್ಲಿ ಕೊನೆ ಎಲ್ಲಿ ಗೊತ್ತಿಲ್ಲ.

ಆದದ್ದು ಇಷ್ಟು. ಹದಿನೆಂಟನೇ ಡಿಸ್ಕಿನ ಬೂಷ್ಟು, ಅದರ ಜೊತೆ ಕಿತ್ತು ಬಂದ ಕಂದು ಪುಡಿ ಸೇರಿ ಹೆಡ್ ಮೇಲೆ ಗಟ್ಟಿ ಗಂಟಾಗಿತ್ತು. ಆ ಗಂಟು ಮುಂದಿನ, ಚೆನ್ನಾಗಿದ್ದ ಡಿಸ್ಕನ್ನು ಲೇತ್ ಉಳಿಯ ಹಾಗೆ ಕೊರೆಯಿತು. ಹದಿನೆಂಟನೆಯದರಲ್ಲಿ ಅರ್ಧ ಸ್ಯಾಂಪಲ್ ಸಿಕ್ಕವು. ಹತ್ತೊಂಬತ್ತನೆಯದು ಪೂರ್ತಿ ಹೋಯಿತು.

ಅಲ್ಲಿಂದ ಮುಂದೆ ಪಾಲಿಸಿದ ಕ್ರಮ:

ಪ್ರತಿ ಡಿಸ್ಕನ್ನು ಹಾಕುವ ಮುಂಚೆ ಷಟರ್ ಸರಿಸಿ, ಕೆಳಗಿನ ಲೋಹದ ಗುಂಬವನ್ನು ಬೆರಳಿನಿಂದ ನಿಧಾನ ತಿರುಗಿಸುತ್ತ ಎರಡೂ ಬದಿ ಟಾರ್ಚ್ ಬೆಳಕಿನಲ್ಲಿ ನೋಡುವುದು. ಟಾರ್ಚನ್ನು ನೇರ ಮೇಲಿನಿಂದ ಹಿಡಿದರೆ ಏನೂ ಕಾಣುವುದಿಲ್ಲ, ಓರೆಯಾಗಿ ಹಿಡಿಯಬೇಕು. ಬೂಷ್ಟು ಬಿಳಿ ಚುಕ್ಕೆಯಾಗಿ, ಇಲ್ಲವೇ ಉಸಿರು ಬಿಟ್ಟ ಕನ್ನಡಿಯ ಮಂಜಿನ ಹಾಗೆ ಕಾಣುತ್ತದೆ.

ಪ್ರತಿ 5 ಡಿಸ್ಕಿಗೊಮ್ಮೆ ಹೆಡ್ ಒರೆಸುವುದು. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಸುತ್ತಿದ ಕಡ್ಡಿ. ಔಷಧಿ ಅಂಗಡಿಯ 70 ಶೇಕಡಾದ್ದು ಬೇಡ, ನೀರು ಜಾಸ್ತಿ. ಮೇಲಿನ ಹೆಡ್ ತೆಳ್ಳನೆ ಸ್ಪ್ರಿಂಗ್ ಹಾಳೆಯ ಮೇಲೆ ತೇಲುತ್ತಿರುತ್ತದೆ. ಅದನ್ನು ಪಕ್ಕಕ್ಕೆ ಒತ್ತಿದರೆ, ಬೇಕಾದ್ದಕ್ಕಿಂತ ಮೇಲೆತ್ತಿದರೆ ಜೋಡಣೆ ತಪ್ಪುತ್ತದೆ, ಆಮೇಲೆ ಯಾವ ಡಿಸ್ಕೂ ಸರಿಯಾಗಿ ಓದದು. ಕಡ್ಡಿಯನ್ನು ಎರಡು ಹೆಡ್ ನಡುವೆ ತೂರಿಸಿ ಮುಂದೆ ಹಿಂದೆ ಆಡಿಸಿದರೆ ಸಾಕು. ಮೊದಲ ಸಲ ಕಡ್ಡಿ ಕಾಫಿಪುಡಿ ಮೆತ್ತಿದ ಹಾಗೆ ಬಂತು. ನಾಲ್ಕನೇ ಕಡ್ಡಿ ಬೆಳ್ಳಗೆ ಬಂದಾಗ ನಿಲ್ಲಿಸಿದೆವು.

ಸದ್ದು ಬಂದರೆ ತಕ್ಷಣ ಡಿಸ್ಕ್ ಹೊರಗೆ. ಮುಂದಿನ ಡಿಸ್ಕ್ ಹಾಕುವ ಮುಂಚೆ ಹೆಡ್ ಒರೆಸಲೇಬೇಕು, ಬೇಡದ ಡಿಸ್ಕೊಂದನ್ನು ಹಾಕಿ ಕೇಳಲೇಬೇಕು.

ಬೂಷ್ಟಿನ ಎಂಟು ಡಿಸ್ಕ್‌ಗಳಲ್ಲಿ ಮೂರಕ್ಕೆ ಅಲ್ಲಲ್ಲಿ ಮಾತ್ರ ಚುಕ್ಕೆ. ಆ ಮೂರನ್ನು ಷಟರ್ ಕಿಂಡಿಯಿಂದಲೇ ಆಲ್ಕೋಹಾಲಿನ ಹತ್ತಿಯಿಂದ, ಗುಂಬ ತಿರುಗಿಸುತ್ತ ಒರೆಸಿದೆವು. ಒತ್ತಬಾರದು, ಹತ್ತಿಯ ಭಾರವೇ ಸಾಕು. ಉಳಿದ ಐದಕ್ಕೆ ಸ್ನಾನವೇ ಆಗಬೇಕಿತ್ತು. ಅದರ ವಿಧಾನ: ಲೋಹದ ಷಟರನ್ನು ಗಿಟಾರ್ ಪಿಕ್‌ನಂಥ ತೆಳ್ಳನೆ ಪ್ಲಾಸ್ಟಿಕ್ಕಿನಿಂದ ಬಿಡಿಸಿ, ಒಳಗಿನ ಚಿಕ್ಕ ಸ್ಪ್ರಿಂಗ್ ಹಾರಿಹೋಗದಂತೆ ಹಿಡಿದುಕೊಂಡು, ಕವಚದ ಮೂಲೆಗೆ ಉಗುರು ಹಾಕಿ ಎರಡು ಹೋಳು ಮಾಡುವುದು. ಒಳಗಿನ ದುಂಡು ಹಾಳೆಯನ್ನು ಗುಂಬದಲ್ಲಿ ಮಾತ್ರ ಹಿಡಿದು, ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ ಹಾಕಿ ಅದರಲ್ಲಿ ಅದ್ದಿ, ಬೆರಳ ತುದಿಯಿಂದ ಸವರುವುದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ. ನಲ್ಲಿ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಫ್ಯಾನ್ ಕೆಳಗೆ ನೂಲು ಬಿಡದ ಬಟ್ಟೆಯ ಮೇಲೆ 24 ಗಂಟೆ.

ಒಣಗಿದ ಹಾಳೆಯನ್ನು ಹಳೇ ಕವಚಕ್ಕೆ ಹಾಕಬೇಡಿ. ಕವಚದೊಳಗಿನ ಬಟ್ಟೆಯ ಪದರದಲ್ಲೇ ಬೂಷ್ಟು ಮನೆ ಮಾಡಿರುತ್ತದೆ. ಒಳ್ಳೆಯ, ಆದರೆ ಬೇಡವಾದ ಡಿಸ್ಕೊಂದರ ಕವಚ ಬಿಡಿಸಿ ಅದಕ್ಕೆ ಹಾಕಿ, ಗುಂಬ ಕೆಳಮುಖ. ಒಂದೇ ಕವಚದಲ್ಲಿ ಐದೂ ಹಾಳೆಯನ್ನು ಒಂದಾದ ಮೇಲೊಂದು ಓದಿದೆವು, ಮೂಲೆಗೆ ಟೇಪ್ ಸುತ್ತಿದರೆ ನಿಲ್ಲುತ್ತದೆ. ಎಂಟರಲ್ಲಿ ಆರು ಪೂರ್ತಿ ಬಂದವು. ಎರಡರಲ್ಲಿ ಕೆಲವು ಸೆಕ್ಟರ್ ಕೊನೆಗೂ ಬರಲಿಲ್ಲ.

ಲೆಕ್ಕ: 42ರಲ್ಲಿ 38 ಪೂರ್ತಿ, 3 ಅರೆಬರೆ, 1 ಇಲ್ಲ.

ಹಂತ 4: ಮೆಷಿನ್ನಿನ ಡ್ರೈವ್

ವಿದ್ಯುತ್ ಕಿತ್ತು, ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದದ್ದು. ಪವರ್ ಸಪ್ಲೈ ಕಡೆ ಕೈ ಹಾಕಬೇಡಿ. ಡ್ರೈವ್ ಹೊರತೆಗೆದು ನೋಡಿದರೆ ಹೆಡ್ ಜಾರುವ ಸರಳಿನ ಗ್ರೀಸು ಮೇಣವಾಗಿ ಹೆಪ್ಪುಗಟ್ಟಿತ್ತು. ಹಳೇ ಗ್ರೀಸು ಆಲ್ಕೋಹಾಲಿನಲ್ಲಿ ಒರೆಸಿ, ಸಾಸಿವೆ ಕಾಳಿನಷ್ಟು ಬಿಳಿ ಲಿಥಿಯಂ ಗ್ರೀಸು ಸವರಿ, ಹೆಡ್ ಒರೆಸಿದ ಮೇಲೆ ನಾಲ್ಕರಲ್ಲಿ ಮೂರು ಸಲ ಓದತೊಡಗಿತು. ನಾಲ್ಕಕ್ಕೆ ನಾಲ್ಕು ಆಗಲಿಲ್ಲ. ಸಂಗೀತಕ್ಕೆ ಇದು ಸಾಲದು.

ಇಲ್ಲಿ ಒಂದು ದಿನ ಪೋಲಾಯಿತು. 600 ರೂಪಾಯಿಯ ಪಿಸಿ ಡ್ರೈವ್ ಕೈಯಲ್ಲೇ ಇದೆ, ಅದೇ 34 ಪಿನ್ನು, ಹಾಕಿ ನೋಡೋಣ ಅಂತ ಹಾಕಿದೆವು. ಪಿನ್ನು ಒಂದೇ, ಅರ್ಥ ಬೇರೆ. ಪಿಸಿ ಡ್ರೈವ್ ತನ್ನನ್ನು ಎರಡನೇ ಡ್ರೈವ್ ಅಂದುಕೊಂಡು ಕೂತಿರುತ್ತದೆ. ಪಿಸಿ ಕೇಬಲ್ಲಿನ ಆ ತಿರುಚು ಇರುವುದೇ ಇದಕ್ಕೆ. ಪಿನ್ 34ರಲ್ಲಿ ಅದು ಕೊಡುವುದು "ಡಿಸ್ಕ್ ಬದಲಾಗಿದೆ" ಅನ್ನುವ ಸುದ್ದಿ, ಎಸ್950 ಅಲ್ಲಿ ಕಾಯುವುದು "ಡ್ರೈವ್ ತಯಾರು" ಅನ್ನುವ ಸುದ್ದಿ. ಪಿನ್ 34ನ್ನು ನೆಲಕ್ಕೆ (ಗ್ರೌಂಡ್) ಕಟ್ಟಿ ಸದಾ ತಯಾರು ಅಂತ ಸುಳ್ಳು ಹೇಳಿಸುವ ಉಪಾಯ ಚಾಲ್ತಿಯಲ್ಲಿದೆ. ಡಿಸ್ಕ್ ಇಲ್ಲದಾಗಲೂ ಮೆಷಿನ್ ಇದೆ ಅಂದುಕೊಳ್ಳುತ್ತದೆ, ಆ ಜುಗಾಡ್ ನಮಗೆ ಬೇಡ ಅನ್ನಿಸಿತು.

ಅದೇ ದಿನ ಕೇಬಲ್ ಒಮ್ಮೆ ಉಲ್ಟಾ ಕೂತಿತು, ಕನೆಕ್ಟರಿನಲ್ಲಿ ಗುರುತಿನ ಕಚ್ಚು ಇರಲಿಲ್ಲ. ಗುರುತು ಹಿಡಿಯುವುದು ಸುಲಭ: ಆನ್ ಮಾಡಿದ ಕ್ಷಣದಿಂದ ಡ್ರೈವಿನ ಲೈಟು ಹೊತ್ತಿಕೊಂಡೇ ಇರುತ್ತದೆ, ಮೋಟರ್ ನಿಲ್ಲುವುದಿಲ್ಲ. ಆಗ ಒಳಗೆ ಡಿಸ್ಕ್ ಇದ್ದರೆ ಬರೆಯುವ ತಂತಿಯೂ ನೆಲ ಹಿಡಿದಿರುತ್ತದೆ, ಹೆಡ್ ನಿಂತ ಟ್ರ್ಯಾಕ್ ಅಳಿಸಿಹೋಗಬಹುದು. ರೈಟ್ ಪ್ರೊಟೆಕ್ಟ್ ಕಿಂಡಿ ತೆರೆದಿಟ್ಟದ್ದು ಇಲ್ಲಿ ಕೈಹಿಡಿಯಿತು. ಕೇಬಲ್ಲಿನ ಕೆಂಪು ಗೆರೆ ಪಿನ್ 1ರ ಕಡೆ.

ಹಂತ 5: ಗೋಟೆಕ್

ಕೊಂಡದ್ದು ಮಾಮೂಲಿ 1.44 ಎಂಬಿ ಮಾದರಿ, ಎಸ್‌ಎಫ್‌ಆರ್1ಎಂ44-ಯು100ಕೆ. ಪೆಟ್ಟಿಗೆಯಿಂದ ತೆಗೆದ ಹಾಗೇ ಹಾಕಿದರೆ ಅಕಾಯ್‌ಗೆ ಏನೂ ಪ್ರಯೋಜನವಿಲ್ಲ. ಅದರ ಮೂಲ ಫರ್ಮ್‌ವೇರ್ (ಚಿಪ್ಪಿನೊಳಗಿನ ಸಾಫ್ಟ್‌ವೇರ್) ಯುಎಸ್‌ಬಿ ಸ್ಟಿಕ್ಕನ್ನು 100 ಪಿಸಿ ಫ್ಲಾಪಿಗಳಾಗಿ ಹೋಳು ಮಾಡುತ್ತದೆ, ಅಷ್ಟೇ ಅದರ ಬುದ್ಧಿ. ಅದನ್ನು ತೆಗೆದು ಫ್ಲಾಶ್‌ಫ್ಲಾಪಿ ಅನ್ನುವ ಫರ್ಮ್‌ವೇರ್ ಹಾಕಬೇಕು. ಎರಡು ತುದಿಯೂ ಯುಎಸ್‌ಬಿ ಎ ಇರುವ ಕೇಬಲ್, ಬೋರ್ಡಿನ ಬೂಟ್ ಪಿನ್ನುಗಳಿಗೆ ಜಂಪರ್ (ಎರಡು ಪಿನ್ನು ಕೂಡಿಸುವ ಪುಟ್ಟ ತುಂಡು), ಕಂಪ್ಯೂಟರಿನಿಂದ ಬರೆಯುವುದು. ಒಳಗಿನ ಚಿಪ್ ಯಾವುದು ಅಂತ ಮೊದಲು ಭೂತಗನ್ನಡಿ ಹಿಡಿದು ಓದಿಕೊಳ್ಳಿ. ಹಳೆಯವುಗಳಲ್ಲಿ ಎಸ್‌ಟಿಎಂ32, ಹೊಸವುಗಳಲ್ಲಿ ಎಟಿ32. ಬರೆಯುವ ಸಾಫ್ಟ್‌ವೇರ್ ಎರಡಕ್ಕೂ ಬೇರೆ. ಒಂದು ಸಲ ಹೋದರೆ ಮುಂದಿನ ಅಪ್‌ಡೇಟ್‌ಗಳು ಯುಎಸ್‌ಬಿ ಸ್ಟಿಕ್ಕಿನಿಂದಲೇ, ಎರಡೂ ಬಟನ್ ಒತ್ತಿಹಿಡಿದು ಆನ್ ಮಾಡಿದರೆ ಆಯಿತು.

ಪರದೆ: ಗೋಟೆಕ್‌ನ ಮೂರಂಕಿಯ ಕೆಂಪು ದೀಪ ತೆಗೆದು 0.91 ಇಂಚಿನ ಓಎಲ್‌ಇಡಿ ಹಾಕಿದೆವು, 220 ರೂಪಾಯಿ. ಜುಟ್ಟಿಗೆ ಮಲ್ಲಿಗೆ ಅಂತ ಮೊದಲು ಅನ್ನಿಸಿತ್ತು. ಅಲ್ಲ. "017" ಅಂದರೆ ಯಾವ ಡಿಸ್ಕ್ ಅಂತ ಪುಸ್ತಕ ತೆಗೆದು ನೋಡುವುದಕ್ಕೂ, ಪರದೆಯಲ್ಲಿ ಫೈಲಿನ ಹೆಸರೇ ಕಾಣುವುದಕ್ಕೂ ಬಹಳ ವ್ಯತ್ಯಾಸ. ಪರದೆಯ ನಾಲ್ಕು ಪಿನ್ನಿನ ಕ್ರಮ ಬೋರ್ಡಿನ ಕ್ರಮಕ್ಕೆ ಹೊಂದುವುದಿಲ್ಲ. ಹೆಸರು ಓದಿ ಒಂದೊಂದೇ ತಂತಿ ಹಾಕಿ. ವಿದ್ಯುತ್ತಿನ ತಂತಿಯೂ ನೆಲದ ತಂತಿಯೂ ಅದಲುಬದಲಾದರೆ 220 ರೂಪಾಯಿ ಹೋದ ಹಾಗೆ.

ವಿದ್ಯುತ್: ಡ್ರೈವಿನ ಪವರ್ ಕನೆಕ್ಟರನ್ನು ಗೋಟೆಕ್‌ಗೆ ಚುಚ್ಚುವ ಮುಂಚೆ ಮಲ್ಟಿಮೀಟರ್ ಹಿಡಿದು ಯಾವ ತಂತಿಯಲ್ಲಿ 5 ವೋಲ್ಟ್ ಅಂತ ನೋಡಿ. ತಂತಿಯ ಬಣ್ಣ ನಂಬಬೇಡಿ. ಗೋಟೆಕ್‌ಗೆ 5 ವೋಲ್ಟ್ ಮಾತ್ರ ಸಾಕು.

ಜಂಪರ್: ಮೊದಲು ಎಸ್0. ಮೆಷಿನ್ನಿನಲ್ಲಿ ಡಿಸ್ಕ್ ಓದಲು ಹೇಳಿದಾಗ ಗೋಟೆಕ್ ಪರದೆಯ ಟ್ರ್ಯಾಕ್ ಸಂಖ್ಯೆ ಕದಲದಿದ್ದರೆ ಎಸ್1ಕ್ಕೆ ಬದಲಿಸಿ. ಉಳಿದದ್ದೆಲ್ಲ ಎಫ್‌ಎಫ್ ಡಾಟ್ ಸಿಎಫ್‌ಜಿ ಎಂಬ ಸೆಟ್ಟಿಂಗ್ ಫೈಲಿನಲ್ಲಿ. ಮುಖ್ಯ ಸಾಲು ಎರಡೇ:

ಇಂಟರ್‌ಫೇಸ್ ಅನ್ನುವಲ್ಲಿ ಅಕಾಯ್-ಎಸ್950
ಹೋಸ್ಟ್ ಅನ್ನುವಲ್ಲಿ ಅಕಾಯ್

ಫೈಲಿನಲ್ಲಿ ಇವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಬೇಕು. ಎರಡನೇ ಸಾಲು ಇಮೇಜಿನ ಗಾತ್ರ ನೋಡಿ ಟ್ರ್ಯಾಕಿಗೆ 5 ಸೆಕ್ಟರೋ 10 ಸೆಕ್ಟರೋ ತೀರ್ಮಾನಿಸುತ್ತದೆ. ಮೊದಲನೇ ಸಾಲಿನ ಮಹತ್ವ ಪಿನ್ 2ರಲ್ಲಿದೆ. ಈಗ ಹಾಕಿರುವುದು ಎಚ್‌ಡಿ ಡಿಸ್ಕು ಅಂತ ಡ್ರೈವ್ ಮೆಷಿನ್ನಿಗೆ ಹೇಳುವುದು ಆ ಪಿನ್ನಿನಲ್ಲಿ, ತಯಾರು ಅಂತ ಹೇಳುವುದು ಪಿನ್ 34ರಲ್ಲಿ. ಈ ಸಾಲು ಇಲ್ಲದಿದ್ದಾಗ ನಮ್ಮಲ್ಲಿ 800 ಕೆಬಿ ಇಮೇಜುಗಳು ಓದಿದವು, 1.6 ಎಂಬಿಯವು ಒಂದೂ ಓದಲಿಲ್ಲ. ಅರ್ಧ ಕೆಲಸ ಮಾಡುವ ಮೆಷಿನ್ ಪೂರ್ತಿ ಸತ್ತ ಮೆಷಿನ್ನಿಗಿಂತ ಹೆಚ್ಚು ಹೊತ್ತು ತಿನ್ನುತ್ತದೆ.

ತಿಂದದ್ದು ಎರಡು ಗಂಟೆ. ಯಾಕಂದರೆ ಸಾಲು ಬರೆದಿತ್ತು, ಆದರೆ ಓದಿಕೊಂಡಿರಲಿಲ್ಲ. ವಿಂಡೋಸಿನ ನೋಟ್‌ಪ್ಯಾಡ್ ಫೈಲಿನ ಹೆಸರಿನ ಹಿಂದೆ ಸದ್ದಿಲ್ಲದೆ ಟಿಎಕ್ಸ್‌ಟಿ ಅಂತ ಬಾಲ ಹಚ್ಚಿತ್ತು, ಆ ಬಾಲವನ್ನು ಮರೆಮಾಡಿಯೂ ಇಟ್ಟಿತ್ತು. ಫೋಲ್ಡರಿನ ಸೆಟ್ಟಿಂಗಿನಲ್ಲಿ ಫೈಲ್ ಬಾಲ ತೋರಿಸು ಅಂತ ಮಾಡಿಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ.

ಕೂರಿಸುವುದು ವಿಶೇಷವೇನಿಲ್ಲ. ಮುಖ ನೇರ ಬರಲು ಪಕ್ಕದ ಸ್ಕ್ರೂಗಳಿಗೆ 2 ಮಿಮೀ ವಾಷರ್ ಕೊಡಬೇಕಾಯಿತು.

ಹಂತ 6: ಹೊಸ ಸ್ಯಾಂಪಲ್ ಹಾಕುವುದು

ಇಮೇಜಿನ ಒಳಗೆ ಹೋಗಿ ಬರಲು ಅಕಾಯ್‌ಯುಟಿಲ್ ಅನ್ನುವ ಉಚಿತ ಸಾಧನ. ಎಸ್900, ಎಸ್950ರಿಂದ ಎಸ್3000ದ ತನಕದ ಡಿಸ್ಕು ಅದಕ್ಕೆ ಗೊತ್ತು. ಖಾಲಿ ಇಮೇಜನ್ನೂ ಅದರಲ್ಲೇ ಎಸ್900 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿಕೊಂಡೆವು. ವೇವ್ ಫೈಲ್ ಕೊಡುವಾಗ 16 ಬಿಟ್, ಮೋನೋ ಮಾಡಿ ಕೊಡಿ. ಹೆಸರು ಹೆಚ್ಚೆಂದರೆ 10 ಅಕ್ಷರ. ಇಪ್ಪತ್ತು ತಾಳವಾದ್ಯದ ತುಣುಕುಗಳಿಗೆ ಉದ್ದುದ್ದ ಹೆಸರಿಟ್ಟು ಹಾಕಿದಾಗ ಮೊದಲ 10 ಅಕ್ಷರ ಎಲ್ಲಕ್ಕೂ ಒಂದೇ ಆಗಿ ಗೋಜಲಾಯಿತು. ಅಂಕಿ ಮೊದಲು, ಹೆಸರು ಆಮೇಲೆ.

ಜಾಗದ ಲೆಕ್ಕ: ಎಸ್950ರ ಮೂಲ ಮೆಮೊರಿ 750 ಕೆಬಿ, 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 10 ಸೆಕೆಂಡು. ಇದು ಒಂದು ಡಿಡಿ ಡಿಸ್ಕಿಗೆ ಹಿಡಿಯುತ್ತದೆ. ಎರಡು ಮೆಮೊರಿ ಬೋರ್ಡ್ ಸೇರಿಸಿ 2.25 ಎಂಬಿ ಮಾಡಿಕೊಂಡವರಿಗೆ ತುಂಬಿದ ಮೆಮೊರಿ ಒಂದು ಎಚ್‌ಡಿ ಡಿಸ್ಕಿಗೂ ಹಿಡಿಯುವುದಿಲ್ಲ. ಗೋಟೆಕ್ ಹಾಕಿದರೂ ಅಷ್ಟೇ, ಅದು ಫ್ಲಾಪಿಯ ವೇಷ ಹಾಕಿದೆ, ಫ್ಲಾಪಿಯ ಮಿತಿಯೂ ಜೊತೆಗೇ ಬರುತ್ತದೆ. ವೇಗವೂ ಹಾಗೇ. 160 ಬದಿ-ಟ್ರ್ಯಾಕ್, ಸುತ್ತಿಗೆ 0.2 ಸೆಕೆಂಡು, ತುಂಬಿದ ಡಿಸ್ಕ್ ಓದಲು ಕನಿಷ್ಠ 32 ಸೆಕೆಂಡು. ಯುಎಸ್‌ಬಿ ಅಂದ ಕೂಡಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಲೋಡ್ ಆಗುತ್ತದೆ ಅಂತ ಕಾದವರಿಗೆ ನಿರಾಶೆ ಖಂಡಿತ. ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಕೇಬಲ್ಲಿನಿಂದ ಕಳಿಸಿದರೆ ಇನ್ನೂ ಕಷ್ಟ: ಸೆಕೆಂಡಿಗೆ 3,125 ಬೈಟ್, ಆ 10 ಸೆಕೆಂಡಿನ ಸ್ಯಾಂಪಲ್ಲಿಗೆ 5 ನಿಮಿಷಕ್ಕೂ ಮೇಲೆ.

ಉಳಿಸಿದ ಮೇಲೆ ಗೋಟೆಕ್ ಬರೆಯುವುದು ನಿಲ್ಲುವ ತನಕ ಸ್ಟಿಕ್ ಕೀಳಬೇಡಿ. ವಾರಕ್ಕೊಮ್ಮೆ ಸ್ಟಿಕ್ಕಿನ ನಕಲು ಕಂಪ್ಯೂಟರಿಗೆ. 42 ಡಿಸ್ಕ್ ಈಗ ಹೆಬ್ಬೆರಳಿನಷ್ಟು ಗಾತ್ರದಲ್ಲಿವೆ, ಕಳೆದುಹೋದರೆ 42ಕ್ಕೆ 42ಕ್ಕೂ ಒಂದೇ ಗತಿ.

ಖರ್ಚು, ರೂಪಾಯಿಗಳಲ್ಲಿ

ಗ್ರೀಸ್‌ವೀಜಲ್ ಬೋರ್ಡ್, ಸಾಗಣೆ ಸೇರಿ 3,900
ಗೋಟೆಕ್ 2,650
ಹಳೇ ಪಿಸಿ ಫ್ಲಾಪಿ ಡ್ರೈವ್ 600
ಐಸೋಪ್ರೊಪೈಲ್, ಅರ್ಧ ಲೀಟರ್ 380
8 ಜಿಬಿ ಸ್ಟಿಕ್ 350
ಓಎಲ್‌ಇಡಿ 220
ರಿಬ್ಬನ್ ಕೇಬಲ್ 150
ಒಟ್ಟು 8,250

ಗ್ರೀಸು, ಟೇಪು, ಹತ್ತಿ ಅಂಗಡಿಯಲ್ಲೇ ಇದ್ದವು. ಖಾಲಿ ಫ್ಲಾಪಿ ಕೊಳ್ಳಲಿಲ್ಲ. ಸೋನಿ 2011ರಲ್ಲೇ ಮಾರುವುದು ನಿಲ್ಲಿಸಿತು, ಈಗ ಸೀಲ್ ಒಡೆಯದ ಪೆಟ್ಟಿಗೆ ಅಂತ ಮಾರುವುದೂ ಹಳೇ ದಾಸ್ತಾನೇ. ಕೊಳ್ಳಲೇಬೇಕಾದರೆ ಒಂದನ್ನು ಒಡೆಸಿ ಓರೆ ಬೆಳಕಿನಲ್ಲಿ ನೋಡಿ ದುಡ್ಡು ಕೊಡಿ.

ಬಾಕಿ

ಅರೆಬರೆ ಬಂದ 3 ಡಿಸ್ಕ್‌ಗಳ ಫ್ಲಕ್ಸನ್ನು ಬೇರೊಂದು ಡ್ರೈವಿನಲ್ಲಿ, ಟ್ರ್ಯಾಕಿಗೆ 10 ಸುತ್ತು ಹಿಡಿದು ಇನ್ನೊಮ್ಮೆ ನೋಡಬೇಕು. ಒಂದು ಡ್ರೈವಿಗೆ ಸಿಗದ ಸೆಕ್ಟರ್ ಇನ್ನೊಂದಕ್ಕೆ ಸಿಗುವುದುಂಟು. ಮೆಷಿನ್ನಿನ ಮೂಲ ಡ್ರೈವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಚೀಲದಲ್ಲಿ ಹಾಕಿ, "ಗ್ರೀಸು ಬದಲಿಸಿದೆ, ನಾಲ್ಕರಲ್ಲಿ ಮೂರು ಓದುತ್ತದೆ" ಅಂತ ಚೀಟಿ ಅಂಟಿಸಿ ಎತ್ತಿಟ್ಟಿದೆ. ಗೀರು ಬಿದ್ದ ಹತ್ತೊಂಬತ್ತನೇ ಡಿಸ್ಕ್ ಕೆಲಸದ ಮೇಜಿನ ಎದುರು ಮೊಳೆಗೆ ನೇತಾಡುತ್ತಿದೆ.